ಶೆರಿಫ್ ಡೆಪ್ಯುಟಿ ಕೆಲಸ: ಸಂಬಳ ಆಮೇಲೆ ನೋಡಿ, ಮೊದಲು ಪಾಳಿಪಟ್ಟಿ ಕೇಳಿ

ಅಕ್ಕನ ಮಗ ಬೆಳೆದದ್ದು ಕ್ಯಾಲಿಫೋರ್ನಿಯಾದ ಡಬ್ಲಿನ್‌ನಲ್ಲಿ. ಅಲ್ಲಿ ಗಸ್ತು ತಿರುಗುವ ಕಾರಿನ ಮೇಲೆ ‘ಡಬ್ಲಿನ್ ಪೊಲೀಸ್’ ಎಂದಿದ್ದರೂ ಒಳಗೆ ಕೂತಿರುವವರು ಅಲಮೀಡಾ ಕೌಂಟಿಯ ಶೆರಿಫ್ ಡೆಪ್ಯುಟಿಗಳು. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು, ಶೆರಿಫ್ ಅಂದರೆ ಅದರ ಪೊಲೀಸ್ ಮುಖ್ಯಸ್ಥ, ಡೆಪ್ಯುಟಿ ಅಂದರೆ ಅವರ ಕೈಕೆಳಗಿನ ಪೊಲೀಸ್. ಊರು ತನ್ನದೇ ಪಡೆ ಕಟ್ಟಿಕೊಳ್ಳುವ ಬದಲು ಕೌಂಟಿಗೆ ಹಣ ಕೊಟ್ಟು ಕಾವಲು ಪಡೆಯುತ್ತದೆ. ಕೂಪರ್ಟಿನೋ, ಸ್ಯಾರಟೋಗಾಗಳಲ್ಲೂ ಹಾಗೆಯೇ, ಅಲ್ಲಿ ಸಾಂಟಾ ಕ್ಲಾರಾ ಕೌಂಟಿಯ ಶೆರಿಫ್. 1954ರಲ್ಲಿ ಲಾಸ್ ಏಂಜಲೀಸ್ ಪಕ್ಕದ ಲೇಕ್‌ವುಡ್ ಹಾಕಿಕೊಟ್ಟ ದಾರಿ ಅದು. ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಎಷ್ಟೋ ಕನ್ನಡದ ಮನೆಗಳಲ್ಲಿ ಕಳ್ಳತನವಾದರೆ ಬಂದು ಬಾಗಿಲು ತಟ್ಟುವುದು ಶೆರಿಫ್ ಡೆಪ್ಯುಟಿಯೇ. ಆದರೂ ನಮ್ಮ ಮಕ್ಕಳಲ್ಲೊಬ್ಬರು ಆ ಸಮವಸ್ತ್ರ ಹಾಕಬಹುದು ಅನ್ನುವ ಯೋಚನೆ ನಮಗ್ಯಾರಿಗೂ ಬಂದಿರಲಿಲ್ಲ.

“ಕಂಪ್ಯೂಟರ್ ಸೈನ್ಸ್ ಸಾಕು, ನಾನು ಡೆಪ್ಯುಟಿ ಆಗ್ತೀನಿ” ಅಂದ ಹುಡುಗ. ಅಕ್ಕ ಎರಡು ದಿನ ಮಾತೇ ಆಡಲಿಲ್ಲ. ಮೂರನೇ ದಿನ ನನಗೆ ಫೋನು: “ಬೇಡ ಅನ್ನೋಕೆ ನನಗೆ ಮನಸ್ಸಿಲ್ಲ. ಇದರಲ್ಲಿ ಬದುಕೋಕಾಗುತ್ತಾ ಅಂತ ನೀನು ಲೆಕ್ಕ ಹಾಕಿ ಹೇಳು.” ಅವನ ಮುಂದೆ ಮೂರು ದಾರಿ ಇದ್ದವು: ಮನೆಯ ಹತ್ತಿರದ ಕ್ಯಾಲಿಫೋರ್ನಿಯಾ, ಚಿಕ್ಕಪ್ಪ ಇರುವ ಡಲ್ಲಾಸ್ ಕಡೆಯ ಟೆಕ್ಸಾಸ್, ಗೆಳೆಯನೊಬ್ಬ ಆಗಲೇ ಸೇರಿಕೊಂಡಿರುವ ಫ್ಲೋರಿಡಾ. ಮೂರು ವಾರಾಂತ್ಯ ಕೂತು ವೇತನ ಒಪ್ಪಂದ, ಪಿಂಚಣಿ ಪುಸ್ತಿಕೆ, ಪಾಳಿಪಟ್ಟಿಗಳನ್ನು ಓದಿದೆವು. ಅವನಂಥವರಿಗೆ, ಅವರ ಅಪ್ಪ ಅಮ್ಮಂದಿರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಸಂಬಳದ ಅಂಕಿ ಹೋಲಿಕೆಗೆ ಎಲ್ಲಕ್ಕಿಂತ ಕಡಿಮೆ ಉಪಯೋಗದ ಅಂಕಿ. ಅಮೆರಿಕದಲ್ಲಿ ಕೌಂಟಿಗಳೇ 3,000ಕ್ಕಿಂತ ಹೆಚ್ಚು, ಹೆಚ್ಚುಕಡಿಮೆ ಪ್ರತಿಯೊಂದಕ್ಕೂ ಒಬ್ಬ ಶೆರಿಫ್, ಒಂದೊಂದರದ್ದೂ ಬೇರೆ ವೇತನಪಟ್ಟಿ. ಕೇಂದ್ರದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ ಗಸ್ತು ಪೊಲೀಸರು ಮತ್ತು ಡೆಪ್ಯುಟಿಗಳ ದೇಶದ ಮಧ್ಯಮ ವೇತನ 2023ರ ಮೇನಲ್ಲಿ ವರ್ಷಕ್ಕೆ 72,280 ಡಾಲರ್. ಅದರ ಎರಡೂ ಬದಿಗೆ ಬಯಲು ಬಹಳ ದೂರ ಚಾಚಿದೆ. ಬೇ ಏರಿಯಾದ ದೊಡ್ಡ ಕೌಂಟಿಗಳಲ್ಲಿ ಪೊಲೀಸ್ ತರಬೇತಿ ಅಕಾಡೆಮಿ ಮುಗಿಸಿ ಬಂದ ಹೊಸಬರ ಮೂಲ ವೇತನವೇ ಲಕ್ಷ ಡಾಲರ್ ದಾಟುತ್ತದೆ. ಟೆಕ್ಸಾಸಿನಲ್ಲಿ 3 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಕೌಂಟಿಗಳಿಗಾಗಿ 2023ರಲ್ಲಿ ಸರ್ಕಾರ ಅನುದಾನದ ಕಾನೂನನ್ನೇ ತರಬೇಕಾಯಿತು. ಆ ಹಣ ಪಡೆಯುವ ಕೌಂಟಿ ಡೆಪ್ಯುಟಿಗೆ ಕನಿಷ್ಠ 45,000, ಜೈಲು ಕಾವಲುಗಾರರಿಗೆ 40,000 ಡಾಲರ್ ಕೊಡಲೇಬೇಕು. ಕನಿಷ್ಠ ಇಷ್ಟೆಂದು ಕಾನೂನು ಹೇಳಬೇಕಾಯಿತು ಅಂದರೆ ಹಿಂದೆ ಎಷ್ಟಿತ್ತೆಂದು ನೀವೇ ಊಹಿಸಿ.

ಪಾಳಿ: 8, 10 ಅಥವಾ 12

ಸಂಬಳ ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತದೆ, ಪಾಳಿಯ ಜೊತೆ ದಿನಾ ಬದುಕಬೇಕು. ಆದ್ದರಿಂದ ನಮ್ಮ ಹೋಲಿಕೆ ಇಲ್ಲಿಂದಲೇ ಶುರುವಾಯಿತು.

ಸಾಮಾನ್ಯವಾಗಿ ಮೂರು ಮಾದರಿಗಳಿವೆ. 8 ಗಂಟೆಯಂತೆ ವಾರಕ್ಕೆ ಐದು ದಿನ; 10 ಗಂಟೆಯಂತೆ ನಾಲ್ಕು ದಿನ; 12 ಗಂಟೆಯಂತೆ ಎರಡು ವಾರಕ್ಕೆ ಏಳು ದಿನ. ಮೂರನೆಯದರ ಹೆಸರುವಾಸಿ ರೂಪ 2-2-3. ಕ್ಯಾಲೆಂಡರ್ ತೆಗೆದು ಗುರುತು ಹಾಕಿದರೆ ಹೀಗೆ ಕಾಣುತ್ತದೆ: ಸೋಮ, ಮಂಗಳ ಕೆಲಸ, ಬುಧ, ಗುರು ರಜೆ, ಶುಕ್ರ, ಶನಿ, ಭಾನು ಕೆಲಸ. ಮುಂದಿನ ವಾರ ಪೂರ್ತಿ ತಿರುಗುಮುರುಗು: ಸೋಮ, ಮಂಗಳ ರಜೆ, ಬುಧ, ಗುರು ಕೆಲಸ, ಶುಕ್ರ, ಶನಿ, ಭಾನು ರಜೆ. 14 ದಿನದಲ್ಲಿ ಏಳು ದಿನ ಕೆಲಸ, 84 ಗಂಟೆ.

ಅಕ್ಕ ಆ ಕ್ಯಾಲೆಂಡರನ್ನೇ ದಿಟ್ಟಿಸಿ, “ಅಂದರೆ ವಾರ ಬಿಟ್ಟು ವಾರ ಶನಿವಾರ ಮನೇಲಿರ್ತಾನೆ” ಅಂದಳು. ಇದು ಸಣ್ಣ ಮಾತಲ್ಲ. ಕನ್ನಡ ಕೂಟದ ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಮದುವೆ ಮುಂಜಿ ನಾಮಕರಣವಿರಲಿ, ಇಲ್ಲಿ ಎಲ್ಲವೂ ನಡೆಯುವುದು ಶನಿವಾರ, ಭಾನುವಾರ. 2-2-3ರಲ್ಲಿ ನಿನ್ನೆ ಸೇರಿದವರಿಗೂ ಇಪ್ಪತ್ತು ವರ್ಷದ ಹಿರಿಯರಿಗೂ ಅರ್ಧದಷ್ಟು ವಾರಾಂತ್ಯ ತಾನಾಗಿ ಸಿಗುತ್ತದೆ. 8 ಮತ್ತು 10 ಗಂಟೆಯ ಮಾದರಿಗಳಲ್ಲಿ ಹಾಗಲ್ಲ. ಅಲ್ಲಿ ರಜೆಯ ದಿನಗಳನ್ನು ಹಿರಿತನದ ಮೇಲೆ ಆರಿಸಿಕೊಳ್ಳುತ್ತಾರೆ, ಇದಕ್ಕೆ ಶಿಫ್ಟ್ ಬಿಡ್ಡಿಂಗ್ ಅನ್ನುತ್ತಾರೆ. ಹೊಸಬರ ಸರದಿ ಬರುವ ಹೊತ್ತಿಗೆ ಶನಿವಾರ, ಭಾನುವಾರ ಖಾಲಿಯಾಗಿ ಮಂಗಳ, ಬುಧ, ಗುರುವಾರಗಳಷ್ಟೇ ಮಿಕ್ಕಿರುತ್ತವೆ. ಪಾಳಿಯೂ ಸಂಜೆಯದ್ದೋ ರಾತ್ರಿಯದ್ದೋ. ಹೀಗೆ ವರ್ಷಗಟ್ಟಲೆ ಒಂದು ವಾರಾಂತ್ಯವೂ ಸಿಗದೆ ಉಳಿದವರಿದ್ದಾರೆ. ವಾರಕ್ಕೆ ಮೂರು ದಿನ ರಜೆ ಅಂತ ಕೇಳಿದಾಗ, ಯಾವ ಮೂರು ದಿನ ಅಂತ ತಕ್ಷಣ ಕೇಳಬೇಕು.

ದೂರದಿಂದ ಬರುವವರಿಗೆ 12 ಗಂಟೆಯಲ್ಲಿ ಇನ್ನೊಂದು ಲಾಭ. ಡಬ್ಲಿನ್‌ನಲ್ಲಿ ಕೆಲಸ ಮಾಡುವ ಎಷ್ಟೋ ಜನಕ್ಕೆ ಅಲ್ಲಿ ಮನೆ ಕೊಳ್ಳಲು ಆಗದೆ ಆಲ್ಟಮಾಂಟ್ ಗುಡ್ಡದಾಚೆ ಟ್ರೇಸಿ, ಮ್ಯಾಂಟೀಕಾಗಳಲ್ಲಿ ಇರುತ್ತಾರೆ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ಎರಡು ವಾರದಲ್ಲಿ 8 ಗಂಟೆಯವರು ಹತ್ತು ಸಲ ಹೋಗಿಬಂದು 30 ಗಂಟೆ ರಸ್ತೆಯಲ್ಲಿ ಕಳೆಯುತ್ತಾರೆ. 10 ಗಂಟೆಯವರಿಗೆ 24, 12 ಗಂಟೆಯವರಿಗೆ 21. ಒಂಬತ್ತು ಗಂಟೆ ಉಳಿತಾಯ ಅಂದರೆ ಒಂದು ಇಡೀ ದಿನದ ಕೆಲಸಕ್ಕಿಂತ ಹೆಚ್ಚು.

ಆದರೆ ಮೈ ಬೇರೆ ಲೆಕ್ಕ ಹೇಳುತ್ತದೆ. ನಮ್ಮ ಬೀದಿಯಲ್ಲೊಬ್ಬ ಡೆಪ್ಯುಟಿ ಇದ್ದಾರೆ, ರಾತ್ರಿ ಪಾಳಿ, 12 ಗಂಟೆ. ಸಂಜೆ ನಾಲ್ಕೂವರೆಗೆ ಹೊರಟರೆ ಮರುದಿನ ಬೆಳಿಗ್ಗೆ ಏಳರ ಸುಮಾರಿಗೆ ಕಾರು ಬಂದು ನಿಲ್ಲುತ್ತದೆ. ಬ್ರೀಫಿಂಗು, ಉಡುಪು, ದಾರಿ ಎಲ್ಲ ಸೇರಿ 12 ಅನ್ನುವುದು 14 ದಾಟಿರುತ್ತದೆ. ಮಲಗುವ ಕೋಣೆಯ ಕಿಟಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದಾರೆ. ಬಾಗಿಲ ಗಂಟೆಯ ಮೇಲೆ ಮಗಳ ಕೈಬರಹದ ಚೀಟಿ: ‘ಅಪ್ಪ ಮಲಗಿದ್ದಾರೆ.’ ಮಧ್ಯಾಹ್ನ ಎಲೆ ಹಾರಿಸುವ ಯಂತ್ರದ ಸದ್ದು ಕೇಳಿದರೆ ಅವರ ಹೆಂಡತಿ ಓಡಿಬಂದು ತೋಟದವನಿಗೆ ಕೈಮುಗಿಯುವುದನ್ನು ನಾನೇ ಕಂಡಿದ್ದೇನೆ. ಕೆಲವು ದಿನ ಕೋರ್ಟಿನ ಸಮನ್ಸ್ ಬೆಳಿಗ್ಗೆ ಒಂಬತ್ತಕ್ಕೇ ಇರುತ್ತದೆ. ರಾತ್ರಿಯಿಡೀ ದುಡಿದವರು ಮನೆಗೂ ಬಾರದೆ ಕೋರ್ಟಿನ ಬೆಂಚಿನ ಮೇಲೆ ಕಾಯುತ್ತಾರೆ.

ಇದರ ಬಗ್ಗೆ ಒಂದು ಒಳ್ಳೆಯ ಪ್ರಯೋಗ ನಡೆದಿದೆ. ಅಮೆರಿಕದ ಪೊಲೀಸ್ ಫೌಂಡೇಶನ್ ಡೆಟ್ರಾಯಿಟ್ ಮತ್ತು ಟೆಕ್ಸಾಸಿನ ಆರ್ಲಿಂಗ್ಟನ್ ಪೊಲೀಸರನ್ನು 8, 10, 12 ಗಂಟೆಯ ಪಾಳಿಗಳಿಗೆ ಹಂಚಿ ನೋಡಿ 2011ರಲ್ಲಿ ಫಲಿತಾಂಶ ಹೊರತಂದಿತು. 10 ಗಂಟೆಯವರು 8 ಗಂಟೆಯವರಿಗಿಂತ ದಿನಕ್ಕೆ ಅರ್ಧ ಗಂಟೆಗೂ ಹೆಚ್ಚು ನಿದ್ದೆ ಮಾಡಿದ್ದರು, ಕೆಲಸದ ಬದುಕಿನ ಬಗ್ಗೆ ಹೆಚ್ಚು ತೃಪ್ತಿಯಿಂದಿದ್ದರು. 12 ಗಂಟೆಯವರಲ್ಲಿ ತೂಕಡಿಕೆ ಹೆಚ್ಚು, ಎಚ್ಚರ ಕಡಿಮೆ. 8 ಗಂಟೆಯವರು ಎಲ್ಲರಿಗಿಂತ ಹೆಚ್ಚು ಓವರ್‌ಟೈಮ್ ಮಾಡಿದ್ದರು. ಮೇಲುನೋಟಕ್ಕೆ ಚಿಕ್ಕದಾದ ಪಾಳಿ ಕೊನೆಗೆ ಚಿಕ್ಕದಾಗಿ ಉಳಿಯುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಎಳೆಯ ಮಕ್ಕಳಿರುವವರು, ನಿದ್ದೆ ಕೆಟ್ಟರೆ ತಡೆಯಲಾಗದವರು 10 ಗಂಟೆಯ ಮಾದರಿ ಇರುವ ಕೌಂಟಿ ಹುಡುಕಲಿ. ಮದುವೆಯಾಗದ, ಹೊಸದಾಗಿ ಸೇರುವ, ವಾರಾಂತ್ಯಕ್ಕೆ ನಾಲ್ಕು ಜನರ ಮುಖ ನೋಡಬೇಕೆನ್ನುವ ಹುಡುಗ ಹುಡುಗಿಯರಿಗೆ 2-2-3 ಒಳ್ಳೆಯದು, ಆದರೆ ಪಾಳಿ ಸ್ಥಿರವಾಗಿದ್ದರೆ ಮಾತ್ರ. ಈ ತಿಂಗಳು ಹಗಲು, ಮುಂದಿನ ತಿಂಗಳು ರಾತ್ರಿ ಅಂತ ತಿರುಗಿಸುವ ಕಡೆ ಹೋಗಬೇಡ ಅಂತ ಅಕ್ಕನ ಮಗನಿಗೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದೆ.

ಓವರ್‌ಟೈಮ್ ಯಾವ ಗಂಟೆಯಿಂದ ಶುರು?

ಸಾಮಾನ್ಯ ನೌಕರರಿಗೆ ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ. ಡೆಪ್ಯುಟಿಗೂ ಹಾಗೆಯೇ ಅಂದುಕೊಂಡಿದ್ದೆ. ಅಲ್ಲ. 1938ರ ನ್ಯಾಯಯುತ ಕಾರ್ಮಿಕ ಕಾಯ್ದೆಯ 7(ಕೆ) ವಿಧಿ ಪೊಲೀಸರಿಗೆ ಬೇರೆ ಅಳತೆಗೋಲು ಇಟ್ಟಿದೆ: 28 ದಿನಕ್ಕೆ 171 ಗಂಟೆ, 14 ದಿನಕ್ಕೆ 86 ಗಂಟೆ. ಕೌಂಟಿ ಈ ವಿಧಿಯನ್ನು ಆರಿಸಿಕೊಂಡಿದ್ದರೆ ಅಷ್ಟು ದಾಟಿದ ಮೇಲಷ್ಟೇ ಕೇಂದ್ರ ಕಾನೂನಿನ ಓವರ್‌ಟೈಮ್.

ಈಗ 2-2-3ರ 84 ಗಂಟೆಯನ್ನು ಮತ್ತೆ ನೋಡಿ. 86ಕ್ಕಿಂತ ಎರಡು ಕಡಿಮೆ! ವಾರಕ್ಕೆ ಸರಾಸರಿ 42 ಗಂಟೆ ದುಡಿದರೂ ಕಾನೂನಿನ ಕಣ್ಣಲ್ಲಿ ಓವರ್‌ಟೈಮ್ ಸೊನ್ನೆ. ಇಲ್ಲಿ ಕೌಂಟಿಗಳು ಮೂರು ಬಗೆಯಾಗಿ ಒಡೆಯುತ್ತವೆ. ಕೆಲವು 84 ಗಂಟೆಗೂ ಮಾಮೂಲಿ ದರವನ್ನೇ ಕೊಡುತ್ತವೆ. ಕೆಲವು ಸಂಘದ ಒಪ್ಪಂದದ ಪ್ರಕಾರ 80 ದಾಟಿದ ನಾಲ್ಕು ಗಂಟೆಗೆ ಒಂದೂವರೆ ಪಟ್ಟು ಕೊಡುತ್ತವೆ. ಇನ್ನು ಕೆಲವು ಏಳರಲ್ಲಿ ಒಂದು ಪಾಳಿಯನ್ನು 8 ಗಂಟೆಗೆ ಇಳಿಸಿ ಲೆಕ್ಕವನ್ನು 80ಕ್ಕೆ ತರುತ್ತವೆ. ಗಂಟೆಗೆ 35 ಡಾಲರ್ ಎಂದಿಟ್ಟುಕೊಂಡರೆ ಮೊದಲಿನದಕ್ಕೂ ಎರಡನೆಯದಕ್ಕೂ ಎರಡು ವಾರಕ್ಕೆ 70 ಡಾಲರ್, ವರ್ಷಕ್ಕೆ 1,820 ಡಾಲರ್ ವ್ಯತ್ಯಾಸ. ಜಾಹೀರಾತಿನಲ್ಲಿ ಇಬ್ಬರದ್ದೂ ‘ಗಂಟೆಗೆ 35’ ಎಂದೇ ಇರುತ್ತದೆ.

ಹಣವೋ ರಜೆಯೋ ಅನ್ನುವುದು ಮುಂದಿನ ಪ್ರಶ್ನೆ. ಓವರ್‌ಟೈಮಿಗೆ ಹಣದ ಬದಲು ಒಂದೂವರೆ ಪಟ್ಟು ರಜೆ ಕೊಡಲು ಸರ್ಕಾರಿ ಸಂಸ್ಥೆಗಳಿಗೆ ಅವಕಾಶವಿದೆ, ಅದಕ್ಕೆ ಕಾಂಪ್ ಟೈಮ್ ಅನ್ನುತ್ತಾರೆ. ಡೆಪ್ಯುಟಿಗಳು 480 ಗಂಟೆಯವರೆಗೆ ಕೂಡಿಡಬಹುದು, ಅಂದರೆ 320 ಗಂಟೆ ಹೆಚ್ಚುವರಿ ದುಡಿಮೆ. ಊರಿಗೆ ಹೋಗಿ ಒಂದು ತಿಂಗಳು ಇದ್ದು ಬರಬೇಕು ಅನ್ನುವ ನಮ್ಮಂಥವರಿಗೆ ಇದು ವರದಾನದಂತೆ ಕಾಣುತ್ತದೆ. ಆದರೆ ಸಿಬ್ಬಂದಿ ಕೊರತೆ ಇರುವ ಇಲಾಖೆಯಲ್ಲಿ ಕೂಡಿಟ್ಟ ರಜೆ ಪುಸ್ತಕದಲ್ಲೇ ಉಳಿಯುತ್ತದೆ, ಕೇಳಿದಾಗಲೆಲ್ಲ ‘ಈಗ ಆಗಲ್ಲ’. ಕೆಲಸ ಬಿಡುವಾಗ ಉಳಿದ ಕಾಂಪ್ ಟೈಮಿಗೆ ಹಣ ಕೊಡಲೇಬೇಕು, ಅದು ಕಾನೂನು. ಸಿಬ್ಬಂದಿ ಕೊರತೆ ಎಷ್ಟಿದೆ, ಕಡ್ಡಾಯ ಓವರ್‌ಟೈಮ್ ತಿಂಗಳಿಗೆ ಎಷ್ಟು ದಿನ ಬೀಳುತ್ತದೆ ಅಂತ ಕೇಳಿ. ನೇಮಕಾತಿ ಅಧಿಕಾರಿಗಿಂತ ಜೈಲಿನಲ್ಲಿ ಕೆಲಸ ಮಾಡುವ ಎರಡನೇ ವರ್ಷದ ಡೆಪ್ಯುಟಿಯನ್ನು ಕೇಳಿದರೆ ನಿಜ ಗೊತ್ತಾಗುತ್ತದೆ.

ತೆರಿಗೆಯ ವಿಷಯ. 2025ರಿಂದ 2028ರವರೆಗೆ ಓವರ್‌ಟೈಮಿಗೆ ಕೇಂದ್ರ ಆದಾಯ ತೆರಿಗೆಯಲ್ಲಿ ಒಂಟಿಯಾಗಿದ್ದರೆ 12,500 ಡಾಲರ್‌ವರೆಗೆ ಕಡಿತವಿದೆ. ಅದು ಸಲ್ಲುವುದು ಕೇಂದ್ರ ಕಾನೂನು ಕೊಡಿಸುವ ಹೆಚ್ಚುವರಿ ಅರ್ಧ ಪಾಲಿಗೆ ಮಾತ್ರ. ಒಪ್ಪಂದದ ಪ್ರಕಾರ 80 ಗಂಟೆಯಿಂದ 86ರ ನಡುವೆ ಸಿಕ್ಕಿದ್ದು ಲೆಕ್ಕಕ್ಕೆ ಬರುವುದಿಲ್ಲ. ‘ಓವರ್‌ಟೈಮಿಗೆ ತೆರಿಗೆಯೇ ಇಲ್ಲ’ ಅನ್ನುವ ಮಾತು ನಂಬಿ ಮನೆ ಸಾಲದ ಕಂತು ನಿರ್ಧರಿಸಬೇಡಿ. ರಾಜ್ಯದ ಆದಾಯ ತೆರಿಗೆ ಟೆಕ್ಸಾಸ್, ಫ್ಲೋರಿಡಾಗಳಲ್ಲಿ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಇದೆ. ಟೆಕ್ಸಾಸಿನಲ್ಲಿ ಮನೆ ಕೊಂಡರೆ ಆಸ್ತಿ ತೆರಿಗೆ ಅದರಲ್ಲಿ ಒಂದಷ್ಟನ್ನು ವಾಪಸು ಕಿತ್ತುಕೊಳ್ಳುತ್ತದೆ.

ಪಿಂಚಣಿ: ನಿಜವಾದ ಸಂಬಳ ಇಲ್ಲಿದೆ

ಇಪ್ಪತ್ತೈದು ವರ್ಷದ ಹುಡುಗನಿಗೆ ಪಿಂಚಣಿಯ ಮಾತು ಆಡಿದರೆ ಕಿವಿಗೆ ಹೋಗುವುದಿಲ್ಲ. ನಮ್ಮವನೂ ಫೋನ್ ನೋಡುತ್ತಾ ಕೂತಿದ್ದ. ಆದರೆ ಮೂರು ರಾಜ್ಯಗಳ ನಡುವೆ ಅತಿ ದೊಡ್ಡ ಅಂತರ ಇರುವುದು ಇಲ್ಲೇ.

ಕ್ಯಾಲಿಫೋರ್ನಿಯಾದಲ್ಲಿ 2013ರ ಜನವರಿ 1ರ ನಂತರ ಹೊಸದಾಗಿ ಸೇರಿದವರಿಗೆ ಪಿಂಚಣಿ ಸುಧಾರಣಾ ಕಾನೂನು ಅನ್ವಯಿಸುತ್ತದೆ. ಪೊಲೀಸರಿಗೆ ಅದರ ಅತ್ಯುತ್ತಮ ಸೂತ್ರ ‘57ಕ್ಕೆ ಶೇ 2.7’. ಅಂದರೆ 57ನೇ ವಯಸ್ಸಿನಲ್ಲಿ ನಿವೃತ್ತರಾದರೆ ಸೇವೆಯ ಪ್ರತಿ ವರ್ಷಕ್ಕೆ ಕೊನೆಯ ವೇತನದ ಶೇ 2.7. 50ಕ್ಕೇ ಹೊರಟರೆ ವರ್ಷಕ್ಕೆ ಶೇ 2. ಹಾಗಾಗಿ 25ಕ್ಕೆ ಸೇರಿ 50ಕ್ಕೆ ಬಿಟ್ಟವರಿಗೆ ಶೇ 50, 57ರವರೆಗೆ ಇದ್ದವರಿಗೆ ಶೇ 86.4. ಏಳು ವರ್ಷ ಹೆಚ್ಚು ದುಡಿದದ್ದಕ್ಕೆ ಇಷ್ಟು ವ್ಯತ್ಯಾಸ! ಕೊನೆಯ ವೇತನ ಅಂದರೆ ಮೂರು ವರ್ಷದ ಸರಾಸರಿ, ಅದರಲ್ಲಿ ಓವರ್‌ಟೈಮ್ ಸೇರುವುದಿಲ್ಲ. ಹಳಬರಿಗೆ ಇದ್ದ ‘50ಕ್ಕೆ ಶೇ 3’ ಈಗಿನವರಿಗಿಲ್ಲ. ಹಳೆಯ ಡೆಪ್ಯುಟಿಯೊಬ್ಬರು ತಮ್ಮ ಪಿಂಚಣಿಯ ಬಗ್ಗೆ ಹೇಳಿದ್ದನ್ನು ಕೇಳಿ ನೀವು ಸೇರಬೇಡಿ, ಅವರ ಗಾಡಿ ಬೇರೆ, ನಿಮ್ಮ ಗಾಡಿ ಬೇರೆ.

ಫ್ಲೋರಿಡಾದಲ್ಲಿ ಹೆಚ್ಚುಕಡಿಮೆ ಎಲ್ಲ ಶೆರಿಫ್ ಇಲಾಖೆಗಳೂ ರಾಜ್ಯದ ನಿವೃತ್ತಿ ವ್ಯವಸ್ಥೆಯಲ್ಲಿವೆ. ಡೆಪ್ಯುಟಿ ಅಪಾಯದ ವರ್ಗಕ್ಕೆ ಸೇರುವುದರಿಂದ ವರ್ಷಕ್ಕೆ ಶೇ 3. ನೌಕರ ಕಟ್ಟುವುದು ವೇತನದ ಶೇ 3 ಮಾತ್ರ. 2023ರ ತಿದ್ದುಪಡಿಯ ನಂತರ 25 ವರ್ಷ ಸೇವೆಯಾದರೆ ಅಥವಾ ವಯಸ್ಸು 55 ಆದರೆ ಪೂರ್ತಿ ಪಿಂಚಣಿ. 25 ವರ್ಷಕ್ಕೆ ಶೇ 75. ಕ್ಯಾಲಿಫೋರ್ನಿಯಾದ ಶೇ 50ರ ಪಕ್ಕದಲ್ಲಿ ಇಟ್ಟಾಗ ಹುಡುಗ ಮೊದಲ ಸಲ ಫೋನ್ ಕೆಳಗಿಟ್ಟ.

ಆದರೆ ನಿಧಾನ. 2011ರ ಜುಲೈ ನಂತರ ಸೇರಿದವರಿಗೆ ಸರಾಸರಿ ತೆಗೆಯುವುದು ಅತಿ ಹೆಚ್ಚು ಗಳಿಸಿದ ಎಂಟು ವರ್ಷಗಳದ್ದು. ಓವರ್‌ಟೈಮ್ ಅದರಲ್ಲಿ ಸೇರುತ್ತದೆ, ಅದೊಂದು ಸಮಾಧಾನ. ದೊಡ್ಡ ಕೊರತೆ ಬೇರೆ ಇದೆ: ಆ ದಿನಾಂಕದ ನಂತರದ ಸೇವೆಗೆ ಬೆಲೆಯೇರಿಕೆಯ ಹೆಚ್ಚಳ ಇಲ್ಲ. 50ಕ್ಕೆ ನಿವೃತ್ತರಾದವರ ಕೈಗೆ 80ನೇ ವಯಸ್ಸಿನಲ್ಲೂ ಅದೇ ಮೊತ್ತ. ಶೇ 3ರ ಬೆಲೆಯೇರಿಕೆಯಲ್ಲಿ ಮೂವತ್ತು ವರ್ಷಕ್ಕೆ ನೂರು ಡಾಲರಿನ ಕೊಳ್ಳುವ ಶಕ್ತಿ 41ಕ್ಕೆ ಇಳಿದಿರುತ್ತದೆ. ಇನ್ನೊಂದು: ಸೇರಿದ ಎಂಟು ತಿಂಗಳ ಸುಮಾರಿಗೆ ಪಿಂಚಣಿಯೋ ಹೂಡಿಕೆ ಯೋಜನೆಯೋ ಆರಿಸಿಕೊಳ್ಳಬೇಕು. ಪಿಂಚಣಿಗೆ ಹಕ್ಕು ಬರಲು 8 ವರ್ಷ ಬೇಕು, ಹೂಡಿಕೆಗೆ ಒಂದೇ ವರ್ಷ. ನಾಲ್ಕೈದು ವರ್ಷ ನೋಡಿ ಊರು ಬದಲಾಯಿಸುವ ಮನಸ್ಸಿದ್ದರೆ ಹೂಡಿಕೆಯೇ ಕ್ಷೇಮ.

ಟೆಕ್ಸಾಸಿನದ್ದು ನಮ್ಮ ಪಿಎಫ್ ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಕೌಂಟಿ ನೌಕರರ ನಿವೃತ್ತಿ ವ್ಯವಸ್ಥೆಯಲ್ಲಿ ನಿಮ್ಮ ಹೆಸರಿನ ಖಾತೆಗೆ ಸಂಬಳದ ಶೇ 4ರಿಂದ 7 ಹೋಗುತ್ತದೆ, ಅದಕ್ಕೆ ವರ್ಷಕ್ಕೆ ಶೇ 7 ಬಡ್ಡಿ. ಸುಮಾರು ಹತ್ತು ವರ್ಷಕ್ಕೆ ದುಡ್ಡು ದುಪ್ಪಟ್ಟು. ನಿವೃತ್ತಿಯ ದಿನ ಕೌಂಟಿ ತನ್ನ ಪಾಲು ಸೇರಿಸಿ ಜೀವನಪೂರ್ತಿ ಮಾಸಿಕ ಮೊತ್ತ ಕೊಡುತ್ತದೆ. ಆ ಪಾಲು ಕೌಂಟಿಯಿಂದ ಕೌಂಟಿಗೆ ಬೇರೆ: ಡಾಲರಿಗೆ ಒಂದು ಡಾಲರಿನಿಂದ ಹಿಡಿದು ಎರಡೂವರೆ ಡಾಲರಿನವರೆಗೆ. ಅಕ್ಕಪಕ್ಕದ ಎರಡು ಕೌಂಟಿಗಳಲ್ಲಿ ಗಂಟೆಯ ದರ ಒಂದೇ ಇದ್ದು, ಒಂದು ಶೇ 100, ಇನ್ನೊಂದು ಶೇ 250 ಸೇರಿಸಿದರೆ, ಮೂವತ್ತು ವರ್ಷದ ನಂತರದ ಬದುಕು ಒಂದೇ ಆಗಿರುವುದಿಲ್ಲ. ಮಧ್ಯದಲ್ಲಿ ಬಿಟ್ಟು ಖಾತೆಯ ಹಣ ತೆಗೆದುಕೊಂಡರೆ ಕೌಂಟಿಯ ಪಾಲು ಕೈತಪ್ಪುತ್ತದೆ. ಬಿಟ್ಟುಹೋದರೂ ಹಣ ಅಲ್ಲೇ ಇರಲಿ.

ಸೋಷಿಯಲ್ ಸೆಕ್ಯುರಿಟಿ, ಅಂದರೆ ಕೇಂದ್ರ ಸರ್ಕಾರದ ವೃದ್ಧಾಪ್ಯ ಪಿಂಚಣಿ, ಅದನ್ನೂ ಕೇಳಿ. ಫ್ಲೋರಿಡಾದಲ್ಲಿ ಅದು ಪಿಂಚಣಿಯ ಜೊತೆಗೇ ಇದೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಇಲ್ಲ. ಇಂಥ ಪಿಂಚಣಿ ಇರುವವರ ಸೋಷಿಯಲ್ ಸೆಕ್ಯುರಿಟಿಯನ್ನು ಕತ್ತರಿಸುತ್ತಿದ್ದ ಹಳೆಯ ನಿಯಮಗಳು 2025ರ ಜನವರಿ 5ರಂದು ಸಹಿಯಾದ ಕಾನೂನಿನಿಂದ ಹೋದವು. ಮೊದಲು ಬೇರೆಡೆ ಹತ್ತು ವರ್ಷ ದುಡಿದು, ನಡುವಯಸ್ಸಿನಲ್ಲಿ ಡೆಪ್ಯುಟಿ ಆಗುವವರಿಗೆ ಇದು ದೊಡ್ಡ ಸಂಗತಿ. ಜೊತೆಗೆ 457(ಬಿ) ಅನ್ನುವ ಸರ್ಕಾರಿ ನೌಕರರ ನಿವೃತ್ತಿ ಉಳಿತಾಯ ಖಾತೆ ಇದ್ದರೆ ಮೊದಲ ದಿನದಿಂದಲೇ ಸ್ವಲ್ಪ ಸ್ವಲ್ಪ ಹಾಕಲಿ. ಕೆಲಸ ಬಿಟ್ಟ ಮೇಲೆ ಯಾವ ವಯಸ್ಸಿನಲ್ಲಿ ತೆಗೆದರೂ, ಅವಧಿಗೆ ಮುಂಚೆ ತೆಗೆದದ್ದಕ್ಕೆ ಬೀಳುವ ಶೇ 10ರ ದಂಡ ಇಲ್ಲ. ಐವತ್ತಕ್ಕೇ ನಿವೃತ್ತಿಯಾಗುವ ಕೆಲಸಕ್ಕೆ ಹೇಳಿ ಮಾಡಿಸಿದ ಖಾತೆ.

ಜೈಲೋ, ಗಸ್ತೋ

ಡೆಪ್ಯುಟಿ ಅಂದರೆ ಕಾರಿನಲ್ಲಿ ಗಸ್ತು ತಿರುಗುವವರು ಅನ್ನುವುದು ಹುಡುಗನ ಕಲ್ಪನೆ. ಕೌಂಟಿ ಜೈಲು ನಡೆಸುವುದು ಸಾಮಾನ್ಯವಾಗಿ ಶೆರಿಫರ ಕೆಲಸ. ಲಾಸ್ ಏಂಜಲೀಸಿನಂಥ ಕಡೆ ಅಕಾಡೆಮಿ ಮುಗಿದ ಮೇಲೆ ಮೊದಲ ಕೆಲವು ವರ್ಷ ಜೈಲಿನಲ್ಲೇ. ಕಿಟಕಿಯಿಲ್ಲದ ಕಟ್ಟಡ, ಕೈದಿಗಳ ಎಣಿಕೆ, ಊಟದ ಗಾಡಿ, ಜಗಳ ಬಿಡಿಸುವುದು, ಆತ್ಮಹತ್ಯೆಗೆ ಯತ್ನಿಸುವವರ ಮೇಲೆ ಕಣ್ಣು. ಇದು ಕಡಿಮೆ ಕೆಲಸವಲ್ಲ, ಮಾತಿನಲ್ಲಿ ಕೋಪ ಇಳಿಸುವುದನ್ನು ಕಲಿಸುವ ಶಾಲೆ ಅದೇ ಅಂತ ಹಲವು ಡೆಪ್ಯುಟಿಗಳು ಹೇಳುತ್ತಾರೆ. ಆದರೆ ಗೊತ್ತಿದ್ದು ಹೋಗಬೇಕು. ಕ್ಯಾಲಿಫೋರ್ನಿಯಾದ ಕೆಲವು ಕೌಂಟಿಗಳಲ್ಲಿ ಜೈಲಿಗೆಂದೇ ಬೇರೆ ಹುದ್ದೆಯಿದೆ, ದಂಡ ಸಂಹಿತೆಯ 830.1ರ ಬೇರೆ ಉಪವಿಧಿಯಲ್ಲಿ ಬರುತ್ತದೆ, ಅಧಿಕಾರವೂ ತರಬೇತಿಯೂ ಸಂಬಳವೂ ಬೇರೆ. ‘ಕರೆಕ್ಷನಲ್ ಡೆಪ್ಯುಟಿ’ ಅನ್ನುವ ಪದ ಕಂಡರೆ ಅಲ್ಲಿಂದ ಗಸ್ತಿಗೆ ಹೋಗಲು ಮತ್ತೆ ಪೂರ್ತಿ ಅಕಾಡೆಮಿ ಮಾಡಬೇಕೇ ಅಂತ ಕೇಳಿ. ರಾಜ್ಯ ಹೇಳುವ ಕನಿಷ್ಠ ತರಬೇತಿ 664 ಗಂಟೆ, ಅಕಾಡೆಮಿಗಳು ಅದಕ್ಕಿಂತ ಹೆಚ್ಚೇ ಮಾಡಿಸುತ್ತವೆ. ಆ ಅವಧಿಗೆ ಸಂಬಳ ಕೊಡುವ ಕೌಂಟಿಯೋ, ಸ್ವಂತ ಖರ್ಚಿನಲ್ಲಿ ಮುಗಿಸಿ ಬಾ ಅನ್ನುವ ಕೌಂಟಿಯೋ ನೋಡಿಕೊಳ್ಳಿ.

ಗಾಯ, ಕಾಯಿಲೆ, ಸಾವು

ಅಕ್ಕನ ಮುಂದೆ ಈ ಭಾಗ ಓದುವಾಗ ನನ್ನ ದನಿ ತಗ್ಗಿತು. ಆದರೆ ಬಿಡುವಂತಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಕರ್ತವ್ಯದಲ್ಲಿ ಗಾಯಗೊಂಡ ಡೆಪ್ಯುಟಿಗೆ ಕಾರ್ಮಿಕ ಸಂಹಿತೆಯ 4850ನೇ ವಿಧಿ ಒಂದು ವರ್ಷದವರೆಗೆ ಪೂರ್ತಿ ಸಂಬಳ ಕೊಡಿಸುತ್ತದೆ. ಫ್ಲೋರಿಡಾದ 112.18ನೇ ವಿಧಿ ನಮ್ಮವರು ಗಮನಿಸಲೇಬೇಕಾದದ್ದು. ಸೇರುವಾಗಿನ ವೈದ್ಯಕೀಯ ಪರೀಕ್ಷೆಯಲ್ಲಿ ದೋಷವಿಲ್ಲದಿದ್ದರೆ, ಮುಂದೆ ಬರುವ ಹೃದಯದ ಕಾಯಿಲೆ ಮತ್ತು ರಕ್ತದೊತ್ತಡ ಕೆಲಸದಿಂದಲೇ ಬಂದದ್ದೆಂದು ಕಾನೂನು ಮೊದಲಿಗೆ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಎದುರಿನವರದು. ನಮ್ಮ ಕಡೆಯವರಿಗೆ ಹೃದಯದ ಕಾಯಿಲೆ ಬೇಗ ಬರುತ್ತದೆ, ನಮ್ಮ ಮನೆಯಲ್ಲೇ ಕಂಡಿದ್ದೇವೆ. ಆ ಪರೀಕ್ಷೆಯ ವರದಿಯ ಪ್ರತಿಯನ್ನು ಮನೆ ಪತ್ರದಷ್ಟೇ ಜೋಪಾನವಾಗಿ ಇಟ್ಟುಕೊಳ್ಳಲಿ. ಕ್ಯಾಲಿಫೋರ್ನಿಯಾದಲ್ಲೂ ಹೃದ್ರೋಗ, ಕ್ಯಾನ್ಸರ್‌ಗಳಿಗೆ ಇಂಥ ರಕ್ಷಣೆಯಿದೆ. ಟೆಕ್ಸಾಸಿಗೆ ಹೋಗುವವರು ಅಲ್ಲಿ ಯಾವ ಕಾಯಿಲೆಗೆ, ಯಾರಿಗೆ ಅನ್ವಯ ಅನ್ನುವುದನ್ನು ಬರಹದಲ್ಲಿ ಪಡೆಯಲಿ.

ಕರ್ತವ್ಯದಲ್ಲಿ ಪ್ರಾಣ ಹೋದರೆ 1976ರ ಕೇಂದ್ರ ಕಾಯ್ದೆಯಡಿ ಕುಟುಂಬಕ್ಕೆ 4 ಲಕ್ಷ ಡಾಲರಿಗೂ ಹೆಚ್ಚು ಸಿಗುತ್ತದೆ. ಯಾವ ಕೌಂಟಿಯಾದರೂ ಇದು ಒಂದೇ. ಟೆಕ್ಸಾಸಿನ ಹ್ಯಾರಿಸ್ ಕೌಂಟಿಯ ಸಂದೀಪ್ ಧಾಲಿವಾಲ್ ನೆನಪಾಗುತ್ತಾರೆ. ಪೇಟ, ಗಡ್ಡದೊಂದಿಗೆ ಕರ್ತವ್ಯ ಮಾಡಲು ಆ ಇಲಾಖೆ 2015ರಲ್ಲಿ ನಿಯಮ ಬದಲಿಸಿದ್ದು ಅವರಿಗಾಗಿ. 2019ರ ಸೆಪ್ಟೆಂಬರ್ 27ರಂದು ರಸ್ತೆಯಲ್ಲಿ ಕಾರೊಂದನ್ನು ನಿಲ್ಲಿಸಿ ವಿಚಾರಿಸಿ ಹಿಂತಿರುಗುವಾಗ ಗುಂಡೇಟಿಗೆ ಬಲಿಯಾದರು. ಭಾರತೀಯ ಮನೆಯೊಂದರ ಮಗ ಈ ಕೆಲಸವನ್ನು ಎಷ್ಟು ಘನತೆಯಿಂದ ಮಾಡಬಹುದೆಂದು ತೋರಿಸಿದವರು ಅವರು.

ಶೆರಿಫ್ ಬದಲಾದರೆ?

ಕರ್ನಾಟಕದಲ್ಲಿ ಎಸ್‌ಪಿ ವರ್ಗವಾಗುತ್ತಾರೆ, ಕಾನ್‌ಸ್ಟೇಬಲ್ ಕೆಲಸಕ್ಕೆ ಏನೂ ಆಗುವುದಿಲ್ಲ. ಇಲ್ಲಿ ಶೆರಿಫ್ ಚುನಾವಣೆಯಲ್ಲಿ ಗೆದ್ದು ಬರುವವರು, ಬಹುತೇಕ ಕಡೆ ನಾಲ್ಕು ವರ್ಷಕ್ಕೊಮ್ಮೆ. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಿನ ಕೌಂಟಿಗಳಲ್ಲಿ 2022ರಲ್ಲಿ ಗೆದ್ದವರಿಗೆ 2028ರವರೆಗೆ ಅವಧಿ. ಅಲ್ಲಿ ಡೆಪ್ಯುಟಿಗಳಿಗೆ ಪೊಲೀಸರ ಹಕ್ಕುಗಳ 1976ರ ಕಾಯ್ದೆ, ಸಂಘದ ಒಪ್ಪಂದ ಎರಡೂ ಬೆನ್ನಿಗಿವೆ. ಟೆಕ್ಸಾಸಿನಲ್ಲಿ ಹಾಗಲ್ಲ. ಜನಸಂಖ್ಯೆ 5 ಲಕ್ಷ ದಾಟಿದ ಕೌಂಟಿಗಳಲ್ಲಿ ಶೆರಿಫ್ ಇಲಾಖೆಗೆ ನೌಕರರ ಕೆಲಸಕ್ಕೆ ರಕ್ಷಣೆ ಕೊಡುವ ಸಿವಿಲ್ ಸರ್ವಿಸ್ ಕಮಿಷನ್ ಮಾಡಿಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ. ಅದಿಲ್ಲದ ಕಡೆ ಡೆಪ್ಯುಟಿಯ ಕೆಲಸ ಬಹುಮಟ್ಟಿಗೆ ಶೆರಿಫರ ಇಚ್ಛೆಯ ಮೇಲೆ. ಚಿಕ್ಕ ಕೌಂಟಿ, ಹೆಚ್ಚು ಸಂಬಳ ಅಂತ ಕಂಡರೂ ಈ ಒಂದು ಪ್ರಶ್ನೆಗೆ ಉತ್ತರ ಸಿಗದೆ ಮನೆ ಬದಲಾಯಿಸಬೇಡಿ.

ಆರೋಗ್ಯ ವಿಮೆಯ ಬಗ್ಗೆ ಕೇಳಬೇಕಾದ್ದು ಎರಡೇ: ಕುಟುಂಬಕ್ಕೆ ಸೇರಿ ತಿಂಗಳಿಗೆ ಎಷ್ಟು ಕಟ್ಟಬೇಕು, ನಿವೃತ್ತಿಯಿಂದ ಹಿಡಿದು ಕೇಂದ್ರ ಸರ್ಕಾರದ ಮೆಡಿಕೇರ್ ವಿಮೆ ಶುರುವಾಗುವ 65ನೇ ವಯಸ್ಸಿನವರೆಗೆ ಯಾರು ಕಟ್ಟುತ್ತಾರೆ. ಮನೆಗೆ ಒಯ್ಯಬಹುದಾದ ಗಸ್ತು ಕಾರು ಕೊಡುವ ಕೌಂಟಿಯಾದರೆ ಒಂದು ಕಾರಿನ ಕಂತು, ಪೆಟ್ರೋಲು, ವಿಮೆ ಉಳಿಯಿತು. ಸೇರುವಾಗಿನ ಬೋನಸ್ಸಿಗೆ ಮರುಳಾಗುವ ಮೊದಲು, ಎಷ್ಟು ವರ್ಷದೊಳಗೆ ಬಿಟ್ಟರೆ ವಾಪಸು ಕೊಡಬೇಕು ಅನ್ನುವ ಸಾಲನ್ನು ಹುಡುಕಿ.

ಪೌರತ್ವ ಇನ್ನೂ ಬಾರದ ಮನೆಗಳಿಗೆ ಒಂದು ಮಾತು. ಕ್ಯಾಲಿಫೋರ್ನಿಯಾ 2023ರ ಜನವರಿಯಿಂದ ಪೌರತ್ವದ ಷರತ್ತನ್ನು ಕೈಬಿಟ್ಟಿದೆ, ಕೇಂದ್ರ ಕಾನೂನಿನಂತೆ ಕೆಲಸ ಮಾಡುವ ಅನುಮತಿ ಇದ್ದರೆ ರಾಜ್ಯದ ಅಡ್ಡಿಯಿಲ್ಲ. ವಯಸ್ಸು 21 ಆಗಿರಬೇಕು. ಫ್ಲೋರಿಡಾದಲ್ಲಿ 19 ಸಾಕು, ಆದರೆ ಅಮೆರಿಕದ ಪೌರತ್ವ ಬೇಕು. ಗ್ರೀನ್ ಕಾರ್ಡ್ ಸಿಕ್ಕಿ ಪೌರತ್ವಕ್ಕೆ ಕಾಯುತ್ತಿರುವ ಮಕ್ಕಳಿಗೆ ಇದರಿಂದಲೇ ದಾರಿ ನಿರ್ಧಾರವಾಗಿಬಿಡುತ್ತದೆ.

ಅರ್ಜಿಯನ್ನು ಒಂದೇ ಕಡೆ ಹಾಕಿ ಕಾಯಬೇಕಿಲ್ಲ. ಲಿಖಿತ ಪರೀಕ್ಷೆ, ದೈಹಿಕ ಪರೀಕ್ಷೆ, ಹಿನ್ನೆಲೆ ತನಿಖೆ, ವೈದ್ಯರು, ಮನೋವೈದ್ಯರು ಎಲ್ಲ ಮುಗಿಯಲು ತಿಂಗಳುಗಳೇ ಬೇಕು. ಒಂದು ಕಡೆ ಅರ್ಜಿ ಹಾಕಿದ್ದನ್ನು, ತಿರಸ್ಕೃತವಾದದ್ದನ್ನು ಇನ್ನೊಂದು ಕಡೆ ಮುಚ್ಚಿಡಬಾರದು ಅಷ್ಟೆ. ತನಿಖಾಧಿಕಾರಿ ಮನೆಗೂ ಬರುತ್ತಾರೆ. ಅಕ್ಕನ ಮನೆಗೆ ಬಂದಾಗ ಅವಳು ಗಾಬರಿಯಲ್ಲಿ ಕಾಫಿ ಕೊಟ್ಟು, ಚಕ್ಕುಲಿ ಇಟ್ಟು, ಕೇಳದ ಪ್ರಶ್ನೆಗೂ ಉತ್ತರ ಹೇಳಿದಳಂತೆ. ಎಲ್ಲ ಬರೆದುಕೊಂಡು ಎದ್ದ ಅವರು “ನೀವೇನಾದರೂ ಕೇಳಬೇಕೇ?” ಅಂದಾಗ, ಫ್ರಿಜ್ ಮೇಲೆ ಅಂಟಿಸಿದ್ದ ನಮ್ಮ ಕ್ಯಾಲೆಂಡರ್ ಕಿತ್ತು ತಂದು ಅವರ ಮುಂದೆ ಹರಡಿ, ಹೊಸಬರಿಗೆ ಇದರಲ್ಲಿ ಯಾವ ದಿನ ರಜೆ ಅಂತ ಕೇಳಿದಳು. ಅವರು ಪೆನ್ನು ತೆಗೆದು ಎರಡು ವಾರ ಗುರುತು ಹಾಕಿಕೊಟ್ಟರು.